ಲಗಾಮು ಸಡಿಲಿಸುವ ಕೈ

ಹರೆಯದ ಕುದುರೆಯನ್ನು ಮೊದಲ ಸಲ ದನಗಳ ಹತ್ತಿರ ಒಯ್ಯುವ ದಿನ, ಬಲ್ಲ ಸವಾರ ದೊಡ್ಡ ಕೆಲಸ ಯಾವುದನ್ನೂ ಹಚ್ಚಿಕೊಳ್ಳುವುದಿಲ್ಲ. ಬೆಳಗಿನ ತಂಪಿನಲ್ಲಿ ಮೇಯುತ್ತಿರುವ ಒಂದು ಹಸುವನ್ನೋ ಕಡಸನ್ನೋ ಆರಿಸಿಕೊಂಡು, ಸಾಕಷ್ಟು ದೂರ ಬಿಟ್ಟು, ನಡಿಗೆಯಲ್ಲೇ ಅದರ ಬೆನ್ನು ಹತ್ತುತ್ತಾನೆ. ಹಸು ಎಡಕ್ಕೆ ಹೊರಳಿದರೆ ಕುದುರೆಯೂ ಎಡಕ್ಕೆ, ಹಸು ನಿಂತರೆ ಕುದುರೆಯೂ ನಿಲ್ಲಬೇಕು. ಅಷ್ಟೇ ಪಾಠ. ಕುದುರೆಗೆ ಮಾತ್ರ ಅದು ಸಣ್ಣ ಸಂಗತಿಯಲ್ಲ. ಕಿವಿ ನಿಮಿರಿರುತ್ತದೆ, ಹೊಳ್ಳೆ ಅರಳಿರುತ್ತದೆ, ಬೆನ್ನು ಜೀನಿನ ಕೆಳಗೆ ಬಿಗಿದಿರುತ್ತದೆ. ಎದುರಿಗಿರುವುದು ಬೇರೆ ವಾಸನೆಯ, ಬೇರೆ ಚಲನೆಯ ಒಂದು ಭಾರೀ ಪ್ರಾಣಿ. ಆದರೆ ತಾನು ಒಂದು ಹೆಜ್ಜೆ ಮುಂದಿಟ್ಟಾಗ ಆ ಪ್ರಾಣಿ ಒಂದು ಹೆಜ್ಜೆ ಸರಿಯಿತು. ಇನ್ನೊಂದು ಹೆಜ್ಜೆಗೆ ಮತ್ತೆ ಸರಿಯಿತು. ಸ್ವಲ್ಪ ಹೊತ್ತಿನಲ್ಲಿ ಕುದುರೆಯ ಕತ್ತು ಇಳಿಯುತ್ತದೆ, ಬಾಯಿ ಚಪ್ಪರಿಸುತ್ತದೆ, ಎರಡೂ ಕಿವಿ ಹಸುವಿನ ಮೇಲೆ ನೆಡುತ್ತವೆ. ಓಡಿಹೋಗುವ ಜಾತಿಯಲ್ಲಿ ಹುಟ್ಟಿದ ಪ್ರಾಣಿಗೆ, ತನ್ನಿಂದಲೇ ಇನ್ನೊಂದು ಪ್ರಾಣಿ ದೂರ ಸರಿಯುತ್ತದೆ ಎಂಬ ತಿಳಿವು ಬಂದ ಗಳಿಗೆ ಅದು. ಅಲ್ಲಿಂದ ಮುಂದೆ ಅರ್ಧ ಪಾಠವನ್ನು ಹಸುವೇ ಹೇಳಿಕೊಡುತ್ತದೆ.

ಅಮೆರಿಕದ ಪಶ್ಚಿಮದ ಗ್ರೇಟ್ ಬೇಸಿನ್ ಎಂಬ ಒಣ ಬಯಲಿನಲ್ಲಿ ಇದು ಇಂದಿಗೂ ನಿತ್ಯದ ಕಸುಬು. ಉತ್ತರ ನೆವಾಡಾ, ಒರೆಗನ್‌ನ ಆಗ್ನೇಯ ಮೂಲೆ, ಐಡಹೊದ ನೈರುತ್ಯ ಭಾಗ ಸೇರಿದ ಈ ಸೀಮೆಯಲ್ಲಿ ಮಳೆ ಕಡಿಮೆ. ಕಣ್ಣು ಹಾಯುವಷ್ಟು ದೂರ ಸೇಜ್‌ಬ್ರಷ್ ಎಂಬ ಬೂದುಬಣ್ಣದ ಪೊದೆ. ಒಂದು ಹಸುವಿನ ಹೊಟ್ಟೆ ತುಂಬಬೇಕಾದರೆ ಎಷ್ಟೋ ಎಕರೆ ನೆಲ ಬೇಕು. ನೆವಾಡಾದ ನೆಲದಲ್ಲಿ ಸುಮಾರು ಶೇ. 80 ಭಾಗ ಅಲ್ಲಿನ ಕೇಂದ್ರ ಸರ್ಕಾರದ್ದು. ದನ ಸಾಕುವ ರ‍್ಯಾಂಚಿನವರು 1934ರ ಟೇಲರ್ ಕಾಯ್ದೆಯ ಏರ್ಪಾಡಿನಂತೆ ಪರವಾನಗಿ ಪಡೆದು, ಶುಲ್ಕ ಕಟ್ಟಿ ಅಲ್ಲಿ ದನ ಮೇಯಿಸುತ್ತಾರೆ. ಬೇಲಿ ಕಡಿಮೆ, ಕೊರಕಲು ಬೆಟ್ಟ ಹೆಚ್ಚು. ಹೀಗಾಗಿ ಹಿಂಡು ಕೂಡಿಸಲು, ಬೇರ್ಪಡಿಸಲು, ಕಾಯಿಲೆ ಬಿದ್ದ ಕರುವಿಗೆ ಔಷಧಿ ಹಾಕಲು ಕುದುರೆಯೇ ಬೇಕು. ಈ ಕೆಲಸದವರನ್ನು ಅಲ್ಲಿ ಬಕರೂ ಎಂದು ಕರೆಯುತ್ತಾರೆ. ಹೆಂಗಸರೂ ಇದರಲ್ಲಿ ಪಳಗಿದವರಿದ್ದಾರೆ.

ಈ ವಿದ್ಯೆಯ ಬೇರು ಸ್ಪೇನಿನಲ್ಲಿದೆ, ಕಾಂಡ ಮೆಕ್ಸಿಕೊದಲ್ಲಿ. 1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ಟೆಸ್ ಮೆಕ್ಸಿಕೊದ ದಡಕ್ಕೆ ತಂದಿಳಿಸಿದ್ದು 16 ಕುದುರೆ. ಅಲ್ಲಿಂದ ಎರಡೂವರೆ ಶತಮಾನ ಕಳೆದು, 1769ರಲ್ಲಿ, ಸ್ಪೇನಿನ ಪಾದ್ರಿಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊದಲ್ಲಿ ಮಿಷನ್ ಎಂಬ ಮತಪ್ರಚಾರ ಕೇಂದ್ರಗಳಲ್ಲಿ ಮೊದಲನೆಯದನ್ನು ಕಟ್ಟಿದರು. ಮಿಷನ್‌ಗಳ ಜೊತೆ ದನ ಬಂದವು, ದನದ ಜೊತೆ ಅವನ್ನು ಕುದುರೆಯ ಮೇಲೆ ಕಾಯುವ ವಕೇರೊಗಳು ಬೇಕಾದರು. ಆ ಕೆಲಸವನ್ನು ಕಲಿತವರಲ್ಲಿ ಬಹಳ ಮಂದಿ ಅದೇ ನೆಲದ ಮೂಲನಿವಾಸಿಗಳು. ಚರ್ಮ ಮತ್ತು ಕೊಬ್ಬು ಕೊಳ್ಳಲು ಬಾಸ್ಟನ್ನಿನ ಹಡಗುಗಳು ಖಂಡವನ್ನೇ ಸುತ್ತಿ ಬರುತ್ತಿದ್ದ ಕಾಲ ಅದು. ಹಡಗು ಬರುವುದು ಎಂದೋ ಒಮ್ಮೆ. ನಡುವೆ ಬೇಕಾದಷ್ಟು ಬಿಡುವು. ಒಂದು ಕುದುರೆಯನ್ನು ತಯಾರು ಮಾಡಲು ಐದು ವರ್ಷ ಹಿಡಿದರೆ ಹಿಡಿಯಲಿ ಎನ್ನುವ ಮನೋಧರ್ಮ ಬೆಳೆದದ್ದು ಆ ಬಿಡುವಿನಲ್ಲಿ. ಬೇರೆ ಕಡೆ ಕುದುರೆಯನ್ನು ಮೂರು ದಿನದಲ್ಲಿ ಮಣಿಸಿ ಕೆಲಸಕ್ಕೆ ಹಚ್ಚುವುದೇ ಹೆಗ್ಗಳಿಕೆಯಾಗಿದ್ದಾಗ, ಕ್ಯಾಲಿಫೋರ್ನಿಯಾದವರು ಕಾಯುವುದನ್ನು ಕಲಿತರು.

1862ರಿಂದ 1864ರವರೆಗಿನ ಭೀಕರ ಬರ ಕ್ಯಾಲಿಫೋರ್ನಿಯಾದ ದನದ ಸಂಪತ್ತನ್ನು ಮುರಿದುಹಾಕಿತು. ಹೊಸ ಮೇವು ಹುಡುಕಿಕೊಂಡು ಹಿಂಡುಗಳು ಪೂರ್ವಕ್ಕೂ ಉತ್ತರಕ್ಕೂ ಹೊರಟವು, ಜೊತೆಗೆ ವಕೇರೊಗಳೂ ಹೊರಟರು. 1872ರಲ್ಲಿ ಪೀಟರ್ ಫ್ರೆಂಚ್ ಎಂಬಾತ ದನಗಳನ್ನೂ ವಕೇರೊಗಳನ್ನೂ ಕರೆದುಕೊಂಡು ಒರೆಗನ್ನಿನ ಸ್ಟೀನ್ಸ್ ಬೆಟ್ಟದ ಬುಡಕ್ಕೆ ಬಂದು ನೆಲೆಸಿದ. ಅವನು ಕಟ್ಟಿಸಿದ ದುಂಡು ಕೊಟ್ಟಿಗೆಯೊಂದು ಡೈಮಂಡ್ ಎಂಬ ಊರಿನ ಬಳಿ ಇವತ್ತಿಗೂ ನಿಂತಿದೆ: 100 ಅಡಿ ಅಗಲದ ಕಟ್ಟಡ, ಅದರ ಹೊಟ್ಟೆಯಲ್ಲಿ 60 ಅಡಿ ಅಗಲದ ಕಲ್ಲಿನ ದೊಡ್ಡಿ, ಸುತ್ತಲೂ ಕುದುರೆ ಓಡಲು ಮುಚ್ಚಿದ ಹಾದಿ. ಹೊರಗೆ ಹಿಮ ಸುರಿಯುವ ಚಳಿಗಾಲದಲ್ಲೂ ಎಳೆಯ ಕುದುರೆಗಳ ಪಾಠ ನಿಲ್ಲಬಾರದು ಎಂಬುದಕ್ಕಾಗಿಯೇ ಅದನ್ನು ಕಟ್ಟಿದ್ದು. ಅಷ್ಟು ದೂರದ, ಮರ ವಿರಳವಾದ ಸೀಮೆಯಲ್ಲಿ ಕಲಿಕೆಗೆಂದೇ ಅಷ್ಟು ದೊಡ್ಡ ಸೂರು ಎತ್ತಿದವರ ಬಗ್ಗೆ ನನಗೆ ತುಂಬ ಗೌರವವಿದೆ.

ಕುದುರೆಯ ಮಾತಿಗೆ ಹೋಗುವ ಮೊದಲು ಹಸುವನ್ನು ಅರಿಯಬೇಕು. ಹಸುವಿನ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ, ಬೆನ್ನ ಹಿಂದಿನ ಒಂದು ಸಣ್ಣ ಪಟ್ಟಿ ಬಿಟ್ಟರೆ ಸುತ್ತಲಿನ ಎಲ್ಲವೂ ಅದಕ್ಕೆ ಕಾಣುತ್ತದೆ. ಅದರ ಸುತ್ತ ಕಣ್ಣಿಗೆ ಕಾಣದ ಒಂದು ಗೆರೆಯಿದೆ. ಅದರ ಹೊರಗಿದ್ದರೆ ಹಸು ನಿಮ್ಮನ್ನು ನೋಡುತ್ತ ನಿಲ್ಲುತ್ತದೆ. ಗೆರೆಯೊಳಗೆ ಕಾಲಿಟ್ಟರೆ ಸರಿಯುತ್ತದೆ. ತೀರ ಒಳಗೆ ನುಗ್ಗಿದರೆ ಹೌಹಾರಿ ಓಡುತ್ತದೆ, ಇಲ್ಲವೇ ತಿರುಗಿ ಬೀಳುತ್ತದೆ. ಬಯಲಲ್ಲೇ ಬೆಳೆದ ದನಕ್ಕೆ ಈ ಗೆರೆ 100 ಅಡಿಯಷ್ಟು ದೂರವಿರಬಹುದು, ಮನುಷ್ಯರ ನಡುವೆ ಬೆಳೆದದ್ದಕ್ಕೆ ಕೆಲವೇ ಅಡಿ. ಇನ್ನೊಂದು ಗುಟ್ಟು ಹೆಗಲಲ್ಲಿದೆ. ಹೆಗಲಿಗಿಂತ ಹಿಂದಿನಿಂದ ಒಳಬಂದರೆ ಹಸು ಮುಂದಕ್ಕೆ ಹೋಗುತ್ತದೆ, ಹೆಗಲು ದಾಟಿ ಮುಂದಿನಿಂದ ಬಂದರೆ ಹಿಂದಕ್ಕೆ ತಿರುಗುತ್ತದೆ. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಟೆಂಪಲ್ ಗ್ರ್ಯಾಂಡಿನ್ ಈ ನಡವಳಿಕೆಯನ್ನು ಚಿತ್ರ ಬಿಡಿಸಿ ಜಗತ್ತಿಗೆಲ್ಲ ತಿಳಿಸಿದರು. ಬಡ್ ವಿಲಿಯಮ್ಸ್ ಎಂಬ ದನಗಾಹಿ ಕೂಗಾಟವಿಲ್ಲದೆ, ಕೋಲಿಲ್ಲದೆ, ನಿಂತ ಜಾಗದ ಬಲದಿಂದಲೇ ಹಿಂಡು ನಡೆಸುವುದನ್ನು ಊರೂರಿಗೆ ಹೋಗಿ ಕಲಿಸಿದರು. ಅಜ್ಜಂಪುರದ ಕಡೆಯ ಕಾವಲುಗಳಲ್ಲಿ ಅಮೃತಮಹಲ್ ದನ ಕಂಡವರಿಗೆ ಈ ಗೆರೆಯ ಪರಿಚಯ ಇದ್ದೇ ಇರುತ್ತದೆ. ಬಯಲಲ್ಲಿ ಬೆಳೆಯುವ ಆ ದನಗಳು ದಿನವೂ ನೋಡುವ ಕಾವಲಿನವನನ್ನು ಹತ್ತಿರ ಬಿಟ್ಟುಕೊಳ್ಳುತ್ತವೆ, ಹೊಸಬರನ್ನು ಕಂಡರೆ ದೂರದಿಂದಲೇ ತಲೆಯೆತ್ತುತ್ತವೆ.

ಸವಾರನ ಕೆಲಸ ಇಷ್ಟು: ಆ ಗೆರೆಯ ಅಂಚಿನಲ್ಲಿ, ಹೆಗಲಿನ ಆಚೆಗೋ ಈಚೆಗೋ, ಬೇಕಾದ ಗಳಿಗೆಗೆ ಕುದುರೆಯನ್ನು ತಂದು ನಿಲ್ಲಿಸುವುದು. ಹೇಳುವುದು ಸುಲಭ. ಕೆಳಗಿರುವುದು ನಾಲ್ಕು ವರ್ಷದ, ಕೆಚ್ಚು ತುಂಬಿದ, ಒಂದು ಹೆಜ್ಜೆ ಕೇಳಿದರೆ ಹತ್ತು ಹೆಜ್ಜೆ ಹಾಕುವ ಪ್ರಾಣಿ. ಹೊಸಬರು ಇಲ್ಲಿ ಮಾಡುವುದು ಒಂದೇ: ಎರಡೂ ಕೈಯಿಂದ ಲಗಾಮು ಜಗ್ಗಿ ಹಿಡಿಯುವುದು. ಆಗ ಕುದುರೆ ಎರಡರಷ್ಟು ಗಾಬರಿಯಾಗುತ್ತದೆ. ಓಡುವುದೊಂದೇ ರಕ್ಷಣೆಯಾಗಿರುವ ಪ್ರಾಣಿಗೆ ಕಾಲು ಕಟ್ಟಿದಂತಾದರೆ ಅದು ಹಿಂಗಾಲ ಮೇಲೆ ನಿಲ್ಲುತ್ತದೆ, ಇಲ್ಲವೇ ಬೆನ್ನು ಬಿಲ್ಲಾಗಿಸಿ ನೆಗೆಯುತ್ತದೆ. ಬಲ್ಲವರು ಆ ಕೆಚ್ಚನ್ನು ಅಡಗಿಸಲು ಹೋಗುವುದಿಲ್ಲ. ಒಂದೇ ಲಗಾಮಿನಿಂದ ಮೂಗನ್ನು ತುಸು ಪಕ್ಕಕ್ಕೆ ಕರೆದು, ಹಿಂಗಾಲನ್ನು ದಾಟಿಸಿ, ಓಟದ ಬಲವನ್ನು ತಿರುವಿಗೆ ಹರಿಸುತ್ತಾರೆ. ಕುದುರೆ ಮಣಿದ ಕೂಡಲೇ ಕೈ ಸಡಿಲ. ಈ ಇಡೀ ವಿದ್ಯೆಯ ಕೀಲಿ ನನ್ನ ಮಟ್ಟಿಗೆ ಈ ಸಡಿಲಿನಲ್ಲಿದೆ. ಎಳೆತ ಬರೀ ಪ್ರಶ್ನೆ. ‘ಹೌದು, ಇದೇ’ ಎಂದು ಕುದುರೆಗೆ ತಿಳಿಸುವುದು ಬಿಟ್ಟ ಕೈ. ಅರ್ಧ ಸೆಕೆಂಡು ತಡವಾಗಿ ಬಿಟ್ಟರೆ, ಅಷ್ಟರಲ್ಲಿ ಕುದುರೆ ಬೇರೇನೋ ಮಾಡಿರುತ್ತದೆ, ಆ ಬೇರೇನೋವನ್ನೇ ಪಾಠವೆಂದು ಇಟ್ಟುಕೊಳ್ಳುತ್ತದೆ.

ಗಳಿಗೆ ಎಂದಾಗ ಅದೆಷ್ಟು ಸೂಕ್ಷ್ಮ ಎಂಬುದನ್ನು ಪಾದದ ಲೆಕ್ಕದಲ್ಲಿ ನೋಡಬೇಕು. ನಡಿಗೆಯಲ್ಲಿ ಕುದುರೆಯ ನಾಲ್ಕು ಗೊರಸು ಒಂದಾದ ಮೇಲೊಂದರಂತೆ ನೆಲ ಮುಟ್ಟುತ್ತವೆ. ಭಾರ ಹೊತ್ತು ನೆಲಕ್ಕೆ ಊರಿದ ಕಾಲನ್ನು ಪಕ್ಕಕ್ಕೆ ಸರಿಸು ಎಂದರೆ ಅದು ಸರಿಸಲಾರದು. ಒತ್ತಾಯಿಸಿದರೆ ಮುಗ್ಗರಿಸುತ್ತದೆ ಅಥವಾ ಹಟ ಹಿಡಿಯುತ್ತದೆ. ಅದೇ ಕಾಲು ನೆಲ ಬಿಡುತ್ತಿರುವಾಗ ಕೇಳಿದರೆ, ಗಾಳಿಯಲ್ಲಿರುವ ಗೊರಸು ಎಲ್ಲಿ ಬೇಕಾದರೂ ಇಳಿಯಬಲ್ಲದು. ಜೀನಿನ ಮೇಲೆ ಕೂತವರಿಗೆ ಹಿಂಗಾಲು ಕಾಣುವುದಿಲ್ಲ. ಆದರೆ ಬಲ ಹಿಂಗಾಲು ಎದ್ದಾಗ ಸವಾರನ ಬಲ ಸೊಂಟ ತುಸು ಕುಸಿಯುತ್ತದೆ, ಕುದುರೆಯ ಹೊಟ್ಟೆ ಎಡಕ್ಕೆ ತೂಗುತ್ತದೆ. ಆ ಕುಸಿತವನ್ನು ಮೈ ತಾನಾಗಿ ಗುರುತಿಸುವಷ್ಟು ಕೂತು ಕೂತು ಕಲಿಯಬೇಕು. ಕುದುರೆ ಹಟಮಾರಿ ಎಂದು ದೂರುವ ಎಷ್ಟೋ ಜನ, ಊರಿದ ಕಾಲನ್ನು ಎತ್ತು ಎಂದು ಕೇಳಿದವರೇ ಆಗಿರುತ್ತಾರೆ.

ಇದನ್ನು ಮಾತಿಗೆ ತಂದವರು ಒರೆಗನ್ನಿನ ರ‍್ಯಾಂಚಿನಲ್ಲಿ ಹುಟ್ಟಿದ ಡೊರ‍್ಯಾನ್ಸ್ ಸಹೋದರರು, ಬಿಲ್ (1906–1999) ಮತ್ತು ಟಾಮ್ (1910–2003). ಟಾಮ್ ಸಣ್ಣ ಮೈಕಟ್ಟಿನವರು. ತೋಳ್ಬಲದಿಂದ ಕುದುರೆಯನ್ನು ಗೆಲ್ಲುವ ದಾರಿ ಅವರಿಗೆ ಇರಲೇ ಇಲ್ಲ. ಕುದುರೆ ಏನು ಮಾಡಹೊರಟಿದೆ ಎಂಬುದನ್ನು ಅದು ಮಾಡುವ ಮೊದಲೇ ನೋಡುವುದನ್ನು ರೂಢಿಸಿಕೊಂಡರು. 1960ರ ಸುಮಾರಿಗೆ ನೆವಾಡಾದ ರ‍್ಯಾಂಚುಗಳಲ್ಲಿ ದುಡಿಯುತ್ತಿದ್ದ ರೇ ಹಂಟ್ ಎಂಬ ಬಕರೂಗೆ ಹೊಂಡೊ ಎಂಬ ಕುದುರೆಯೊಂದು ಗಂಟುಬಿತ್ತು. ಒದೆಯುವುದು, ಕಚ್ಚುವುದು, ಹತ್ತಿದವರನ್ನು ಎಸೆಯುವುದು ಅದರ ಚಾಳಿ. ಹಂಟ್ ಟಾಮ್ ಅವರ ಬಳಿ ದಾರಿ ಕೇಳಿದರು. ಅಂಥ ಹೊಂಡೊ ಕೊನೆಗೆ ಪಳಗಿದ ಕೆಲಸದ ಕುದುರೆಯಾಯಿತು. ಹಂಟ್ ತಮ್ಮ ಮುಂದಿನ ಬದುಕನ್ನೆಲ್ಲ, 2009ರಲ್ಲಿ ತೀರಿಕೊಳ್ಳುವವರೆಗೆ, ಈ ವಿದ್ಯೆಯನ್ನು ಕಲಿಸುವುದಕ್ಕೆ ಕೊಟ್ಟರು. ತಾನು ಬಂದಿರುವುದು ಕುದುರೆಯ ಪರವಾಗಿ ಎಂದು ಅವರು ಶಿಬಿರಗಳಲ್ಲಿ ಮೊದಲೇ ಹೇಳಿಬಿಡುತ್ತಿದ್ದರು. ಸವಾರರಿಗೆ ಆ ಮಾತು ಚುರುಕು ಮುಟ್ಟಿಸುತ್ತಿದ್ದಿರಬೇಕು. ತಪ್ಪು ದಾರಿಯನ್ನು ತುಸು ಕಷ್ಟ ಮಾಡಿ, ಸರಿದಾರಿಯನ್ನು ಹಗುರ ಮಾಡಿ, ಆಯ್ಕೆಯನ್ನು ಕುದುರೆಗೇ ಬಿಡಬೇಕೆಂಬುದು ಅವರ ಬೋಧನೆಯ ತಿರುಳು. ಕೆಚ್ಚಿನ ಕುದುರೆಗೆ ಇದು ಹೇಳಿಮಾಡಿಸಿದ ಪಾಠ, ಏಕೆಂದರೆ ಅದು ಏನಾದರೂ ಮಾಡಲು ತುದಿಗಾಲಲ್ಲಿ ನಿಂತೇ ಇರುತ್ತದೆ. ನಿಜವಾದ ಕಷ್ಟ ಏನನ್ನೂ ಮಾಡಲೊಲ್ಲದ ಜಡ ಕುದುರೆಯದು.

ಸಲಕರಣೆಗಳಿಗೂ ಇದೇ ಸಡಿಲಿನ ಲೆಕ್ಕವಿದೆ. ಕ್ಯಾಲಿಫೋರ್ನಿಯಾದ ಹಳೆಯ ಕ್ರಮದಲ್ಲಿ ಎಳೆಯ ಕುದುರೆಯ ಬಾಯಿಗೆ ಕಬ್ಬಿಣ ಇಡುವುದಿಲ್ಲ. ಐದು ವರ್ಷ ತುಂಬುವವರೆಗೆ ಅದರ ಹಾಲುಹಲ್ಲು ಬಿದ್ದು ಕಾಯಂ ಹಲ್ಲು ಬರುತ್ತಲೇ ಇರುತ್ತವೆ. ಹುಣ್ಣಾದ ಬಾಯಿಯಿಂದ ಪಾಠ ತಲೆಗೆ ಹತ್ತುವುದಿಲ್ಲ. ಅದಕ್ಕೇ ಹ್ಯಾಕಮೋರ್: ಹದ ಮಾಡದ ತೊಗಲಿನ ಎಳೆಗಳನ್ನು ಜಡೆ ಹೆಣೆದು ಮಾಡಿದ ಮೂಗುಬಳೆ. ಅದನ್ನು ಬೊಸಾಲ್ ಎನ್ನುತ್ತಾರೆ. ಮೂಗಿನ ಎಲುಬಿನ ಮೇಲೆ ಕೂರುವ ಆ ಬಳೆಯ ಎರಡು ತುದಿ ಗಲ್ಲದ ಕೆಳಗೆ ಒಂದು ಭಾರದ ಗಂಟಿನಲ್ಲಿ ಸೇರುತ್ತವೆ. ಸವಾರ ಕೈ ಎತ್ತಿದರೆ ಗಂಟು ಏಳುತ್ತದೆ, ಬಳೆ ಮುಖಕ್ಕೆ ತಾಗುತ್ತದೆ. ಕೈ ಬಿಟ್ಟರೆ ಗಂಟು ತನ್ನ ಭಾರಕ್ಕೆ ತಾನೇ ಕೆಳಗಿಳಿದು ಬಳೆ ಚರ್ಮದಿಂದ ದೂರ ಸರಿಯುತ್ತದೆ. ಆ ಗಂಟಿಗೆ ಅಷ್ಟು ತೂಕ ಕೊಟ್ಟದ್ದೇ ಬಿಡುವು ತಟ್ಟನೆ ಸಿಗಲಿ ಎಂದು. ಲಗಾಮೂ ಕುದುರೆಯ ಜೂಲಿನ ಕೂದಲಿನಿಂದ ಹೊಸೆದದ್ದು, ಸುಮಾರು 22 ಅಡಿ ಉದ್ದ. ಲಗಾಮಿಗೆ ಬೇಕಾದಷ್ಟು ಕಳೆದು ಉಳಿದದ್ದನ್ನು ಸುರುಳಿ ಸುತ್ತಿ, ಕೆಳಗಿಳಿದಾಗ ಕುದುರೆಯನ್ನು ಹಿಡಿದು ನಡೆಸಲು ಇಟ್ಟುಕೊಳ್ಳುತ್ತಾರೆ. ಆ ಕೂದಲು ಮುಳ್ಳುಮುಳ್ಳಾಗಿ ಕತ್ತಿಗೆ ಸೋಕುವುದರಿಂದ, ಎಳೆಯುವ ಮೊದಲೇ ಬರೀ ಸೋಕಿಗೆ ತಿರುಗುವುದನ್ನು ಕುದುರೆ ಕಲಿಯುತ್ತದೆ. ಈಚೆಗೆ ಬಹಳ ಮಂದಿ ಮೊದಲು ನಡು ಮುರಿಯುವ ಸಾದಾ ಕಡಿವಾಣ ಹಾಕಿ, ಆಮೇಲೆ ಹ್ಯಾಕಮೋರಿಗೆ ಬರುತ್ತಾರೆ. ಡೊರ‍್ಯಾನ್ಸ್ ಮತ್ತು ಹಂಟ್ ಅವರದೂ ಅದೇ ರೀತಿ.

ಒಂದೆರಡು ವರ್ಷದ ಹ್ಯಾಕಮೋರಿನ ನಂತರ ಎರಡು ಲಗಾಮಿನ ಕಾಲ. ಪೆನ್ಸಿಲಿನಷ್ಟು ಸಣ್ಣ ಬೊಸಾಲ್ ಒಳಗೆ, ಅದರ ಮೇಲೆ ಸ್ಪೇಡ್ ಎಂಬ ಕಡಿವಾಣ. ಕುದುರೆ ಕಡಿವಾಣವನ್ನು ಸುಮ್ಮನೆ ಬಾಯಲ್ಲಿ ಹೊತ್ತು ನಡೆಯುವುದನ್ನು ಕಲಿಯುತ್ತಿರುವಾಗ, ಮಾತು ಪರಿಚಯದ ಬೊಸಾಲಿನ ಮೂಲಕವೇ ನಡೆಯುತ್ತದೆ. ಬರಬರುತ್ತ ಮಾತು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಸ್ಪೇಡ್ ನೋಡಲು ಭಯ ಹುಟ್ಟಿಸುವ ವಸ್ತು: ನಾಲಿಗೆಯ ಮೇಲೆ ಎದ್ದು ನಿಲ್ಲುವ ಅಗಲದ ಚಮಚದಂಥ ಭಾಗ, ಕುದುರೆ ನಾಲಿಗೆಯಿಂದ ತಿರುಗಿಸುತ್ತ ಕಿರ್ ಕಿರ್ ಸದ್ದು ಮಾಡುವ ತಾಮ್ರದ ಗಾಲಿ, ಬೆಳ್ಳಿ ಕೆತ್ತಿದ ಪಕ್ಕದ ಪಟ್ಟಿ, ಕೆಳಗೆ ಸರಪಳಿ. ಒರಟು ಕೈಗೆ ಸಿಕ್ಕರೆ ಇದು ಬಾಯಿ ಹರಿಯುವ ಆಯುಧ, ಅದರಲ್ಲಿ ಸಂಶಯವಿಲ್ಲ. ಆದರೆ ಪಳಗಿದ ಕೈಯಲ್ಲಿ ಇದನ್ನು ಎಳೆಯುವ ಪ್ರಸಂಗವೇ ಬರುವುದಿಲ್ಲ. ಸವಾರ ಬೆರಳು ಎತ್ತಿದರೆ ಸರಪಳಿ ಅಲುಗುತ್ತದೆ, ಆ ಅಲುಗಾಟ ಬಾಯಿ ತಲುಪುವ ಮೊದಲೇ ಕುದುರೆಗೆ ಸುದ್ದಿ ಮುಟ್ಟಿರುತ್ತದೆ. ಲಗಾಮನ್ನು ಕುದುರೆಕೂದಲಿನ ಎಳೆಯಿಂದ ಕಡಿವಾಣಕ್ಕೆ ಕಟ್ಟಿ, ನಾಗಾಲೋಟದಲ್ಲಿ ಬಂದು ಎಳೆ ಹರಿಯದಂತೆ ನಿಲ್ಲಿಸುತ್ತಿದ್ದರು ಎಂದು ಹಳಬರ ಬಗ್ಗೆ ಹೇಳಿಕೊಂಡು ಬಂದಿದ್ದಾರೆ.

ಇದೆಲ್ಲ ಕೂಡಿ ಕೆಲಸಕ್ಕೆ ಬರುವುದು ಹಿಂಡು ಬೇರ್ಪಡಿಸುವ ದಿನ. ಬಯಲಿನಲ್ಲಿ ದೊಡ್ಡಿಯೇ ಇಲ್ಲದೆ, ಸವಾರರೇ ಸುತ್ತುಗಟ್ಟಿ ನೂರಾರು ದನಗಳನ್ನು ತಡೆದು ನಿಲ್ಲಿಸುತ್ತಾರೆ. ಒಂದಿಬ್ಬರು ಮಾತ್ರ ನಡುವೆ ಹೋಗಿ ಬೇಕಾದ ತಾಯಿ ಕರುವನ್ನು ಹೊರತರುತ್ತಾರೆ. ಹೊಸ ಕುದುರೆಗೆ ಮೊದಲು ಸಿಗುವುದು ಹೊರಸುತ್ತಿನ ಕಾವಲು. ಗಂಟೆಗಟ್ಟಲೆ ನಿಲ್ಲಬೇಕು, ನಿಂತಲ್ಲೇ ಎಚ್ಚರ ಇರಬೇಕು. ಕೆಚ್ಚಿನ ಕುದುರೆಗೆ ಈ ನಿಲ್ಲುವುದೇ ಎಲ್ಲಕ್ಕಿಂತ ಕಠಿಣ. ಕಾಲು ಕೆರೆಯತೊಡಗಿದರೆ ಸವಾರ ಅದನ್ನು ಗದರುವುದಿಲ್ಲ. ಸಣ್ಣ ಸುತ್ತು ನಡೆಸುತ್ತಾನೆ, ನಾಲ್ಕು ಹೆಜ್ಜೆ ಹಿಂದಿಡಿಸುತ್ತಾನೆ, ಮತ್ತೆ ಬಿಡುತ್ತಾನೆ. ನಿಂತರೆ ಸುಖ, ಚಡಪಡಿಸಿದರೆ ಕೆಲಸ ಎಂಬುದು ಅದಕ್ಕೆ ಬೇಗ ಅರ್ಥವಾಗುತ್ತದೆ.

ಈಗ ಒಂದು ಹಸು ಹೊರಬಿದ್ದಿದೆ, ಹಿಂದಕ್ಕೆ ಹಿಂಡಿಗೇ ಓಡುವ ಹವಣಿಕೆಯಲ್ಲಿದೆ. ಅದು ಮೈ ತಿರುಗಿಸುವ ಮೊದಲು ಕಿವಿ ತಿರುಗಿಸುತ್ತದೆ, ಆಮೇಲೆ ಕಣ್ಣು, ಆಮೇಲೆ ತಲೆ, ಕೊನೆಗೆ ಹೆಗಲು. ತಲೆ ತಿರುಗಿದಾಗಲೇ ಕುದುರೆ ಹೊರಟಿರಬೇಕು. ಹೆಗಲು ತಿರುಗುವವರೆಗೆ ಕಾದರೆ ಹೊತ್ತು ಮೀರಿತು. ಹಸುವಿಗೆ ಸಮನಾಗಿ ಓಡಿ, ಅದರ ಹೆಗಲನ್ನು ಅರೆ ಮೈಯಷ್ಟು ದಾಟಿ, ಹಿಂಗಾಲುಗಳನ್ನು ಹೊಟ್ಟೆಯ ಕೆಳಗೆ ತಂದು ಕುಳಿತಂತೆ ನಿಲ್ಲಬೇಕು. ಸುಮ್ಮನೆ ನಿಂತ ಕುದುರೆಯ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮುಂಗಾಲಿನ ಮೇಲಿರುತ್ತದೆ. ಅದು ಹಿಂದಕ್ಕೆ ಸರಿಯದಿದ್ದರೆ ತಿರುವು ಅಗಲವಾಗಿ ಹಸು ಸಂದಿಯಲ್ಲಿ ನುಸುಳುತ್ತದೆ. ಭಾರ ಹಿಂದಕ್ಕೆ ಕೂತರೆ ಮುಂಗಾಲೆರಡೂ ಹಗುರವಾಗಿ, ಕುದುರೆ ತನ್ನ ಹಿಂಗಾಲ ಮೇಲೆಯೇ ಹೊರಳಿ, ಹಸುವಿನ ಮುಖಕ್ಕೆ ಮುಖ ಕೊಟ್ಟು ನಿಂತುಬಿಡುತ್ತದೆ. ಇಲ್ಲಿ ಸವಾರ ಮಾಡಬೇಕಾದದ್ದು ಬಹಳ ಕಡಿಮೆ. ಕ್ವಾರ್ಟರ್ ಹಾರ್ಸ್ ತಳಿಯ ಕುದುರೆಗಳನ್ನು ತಲೆತಲಾಂತರದಿಂದ ಈ ಚಳಕ ನೋಡಿಯೇ ಆರಿಸಿದ್ದಾರೆ. ಹಸುವಿನ ಆಟ ರಕ್ತದಲ್ಲಿರುವ ಮರಿ ಯಾರೂ ಹೇಳದೆ ಕತ್ತು ತಗ್ಗಿಸಿ ಎದುರು ನಿಲ್ಲುತ್ತದೆ. ಅಂಥ ಗಳಿಗೆಯಲ್ಲಿ ಲಗಾಮು ಜೋತಾಡುವಷ್ಟು ಬಿಡುವ ಧೈರ್ಯ ಸವಾರನಿಗಿರಬೇಕು.

ವಸಂತದಲ್ಲಿ ಕರುಗಳಿಗೆ ಮುದ್ರೆ ಹಾಕುವ ಕೆಲಸ ಬಂದಾಗ ಹಗ್ಗದ ಪಾಠ. ಕರುವಿನ ಎರಡು ಹಿಂಗಾಲಿಗೆ ಜೀರುಗುಣಿಕೆ ಎಸೆದು, ಬೆಂಕಿಯ ಬಳಿಗೆ ಎಳೆತಂದು, ಮುದ್ರೆಯೊತ್ತಿ ಲಸಿಕೆ ಚುಚ್ಚಿ ಬಿಡುತ್ತಾರೆ. ಟೆಕ್ಸಾಸಿನವರು ಗಿಡ್ಡ ಹಗ್ಗದ ತುದಿಯನ್ನು ಜೀನಿನ ಮುಂಗೊಂಬಿಗೆ ಗಟ್ಟಿಯಾಗಿ ಕಟ್ಟಿಬಿಡುತ್ತಾರೆ. ಬಕರೂಗಳ ಹಗ್ಗ 60 ಅಡಿಯೂ ಇರಬಹುದು. ಕುಣಿಕೆ ಬಿದ್ದ ಮೇಲೆ ಅದನ್ನು ಕೊಂಬಿಗೆ ಒಂದೆರಡು ಸುತ್ತು ಸುತ್ತಿ, ಬಾವಿಗೆ ಕೊಡ ಇಳಿಸುವಾಗ ಕೈಯಲ್ಲಿ ಹಗ್ಗ ಜಾರಬಿಡುವಂತೆ ಜಾರಬಿಡುತ್ತಾರೆ. ಹಳೆಯ ಹಗ್ಗ ಹಸಿ ತೊಗಲಿನಿಂದ ಹೆಣೆದದ್ದು, ಒಮ್ಮೆಲೇ ಜಗ್ಗಿದರೆ ತುಂಡಾಗುತ್ತಿತ್ತು. ಹಗ್ಗ ಉಳಿಸಲು ಕಲಿತ ಆ ಜಾರಿಕೆಯಿಂದ ಕರುವಿನ ಕಾಲೂ ಎಳೆಯ ಕುದುರೆಯ ಬೆನ್ನೂ ಉಳಿದವು. ಹಗ್ಗ ಹಿಂಗಾಲ ಹತ್ತಿರ ಸುಳಿದರೆ ಹೊಸ ಕುದುರೆ ಬೆಚ್ಚುತ್ತದೆ. ಅದಕ್ಕೆ ತಿಂಗಳುಗಳ ಮೊದಲೇ ಹಗ್ಗವನ್ನು ಮೈಮೇಲೆಲ್ಲ ಆಡಿಸಿ, ಮರದ ದಿಮ್ಮಿ ಎಳೆಸಿ ರೂಢಿ ಮಾಡಿರುತ್ತಾರೆ. ಬೆರಳು ಸುತ್ತಿನ ನಡುವೆ ಸಿಕ್ಕಿ ಕಳೆದುಕೊಂಡವರು ಆ ಸೀಮೆಯಲ್ಲಿ ಕಡಿಮೆಯಿಲ್ಲ; ಕೈ ಎಲ್ಲಿಡಬೇಕೆಂಬುದನ್ನು ಹಿರಿಯರು ಮೊದಲ ದಿನವೇ ತಿದ್ದುವುದು ಅದಕ್ಕೇ.

ಈ ವಿದ್ಯೆಗೆ ಇಂದು ಸ್ಪರ್ಧೆಯ ಕಣವೂ ಇದೆ. 1949ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಸಂಘವೊಂದು ಈಗ ನ್ಯಾಷನಲ್ ರೇನ್ಡ್ ಕೌ ಹಾರ್ಸ್ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ಹ್ಯಾಕಮೋರ್, ಎರಡು ಲಗಾಮು, ಕಡಿವಾಣ ಎಂದು ಹಳೆಯ ಮೆಟ್ಟಿಲುಗಳಿಗೇ ಬೇರೆ ಬೇರೆ ವಿಭಾಗ ಇಟ್ಟಿದೆ. ಪರಂಪರೆ ಉಳಿಯಲು ಅದರಿಂದ ಉಪಕಾರವಾಗಿದೆ. ಆದರೆ ದೊಡ್ಡ ಬಹುಮಾನ ಮೂರು ವರ್ಷದ ಕುದುರೆಗಳ ಪಂದ್ಯಕ್ಕಿದೆ, ಆ ವಯಸ್ಸಿಗೆ ಅವುಗಳ ಎಲುಬು ಇನ್ನೂ ಬಲಿತಿರುವುದಿಲ್ಲ. ಹಳಬರು ಹ್ಯಾಕಮೋರ್ ಹಾಕಲು ಹೊರಡುತ್ತಿದ್ದ ವಯಸ್ಸಿಗೆ ಇವು ಕಣದಲ್ಲಿ ಬೇಲಿಯುದ್ದಕ್ಕೂ ಹಸು ಅಟ್ಟುತ್ತ ಓಡುತ್ತಿರುತ್ತವೆ. ನೋಡಲು ಚೆಂದ, ನನಗೆ ಮಾತ್ರ ಅದು ಒಪ್ಪಿಗೆಯಾಗುವುದಿಲ್ಲ. ರ‍್ಯಾಂಚಿನಲ್ಲಿ ಒಬ್ಬ ಸವಾರನ ಪಾಲಿಗೆ ಹಲವು ಕುದುರೆ ಇರುತ್ತವೆ. ಎಳೆಯದಕ್ಕೆ ಚಪ್ಪಟೆ ನೆಲದ ಹಗುರ ದಿನವನ್ನು ನೋಡಿ ಕೊಡುತ್ತಾರೆ, ಮರುದಿನ ಮಂದೆಗೆ ಬಿಟ್ಟು ಹಳೆಯದನ್ನು ಹತ್ತುತ್ತಾರೆ. ಮುದ್ರೆ ಹಾಕುವ ದಿನವೂ ಹತ್ತಾರು ಕರು ಎಳೆದಾದ ಮೇಲೆ, ಎಳೆಯ ಕುದುರೆ ಇನ್ನೂ ಕೆಲಸ ಬೇಡುತ್ತಿರುವಾಗಲೇ ಅದರ ಜೀನು ಬಿಚ್ಚಿ ಬೇರೆ ಕುದುರೆಗೆ ಬಿಗಿಯುತ್ತಾರೆ.